ಹರಳಿನ ಹೊದಿಕೆ

ಟಪ್. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಪ್, ಟಪ್. ಬಿಸಿಲು ಗೋಡೆ ದಾಟಿ ಅಂಗಳಕ್ಕಿಳಿದ ಕೂಡಲೇ ಹರಳಿನ ಕಾಯಿಗಳು ಹೀಗೆ ಒಂದೊಂದಾಗಿ ಬಾಯಿ ಬಿಡುತ್ತಿದ್ದವು. ಒಣಗಿದ ಸಿಪ್ಪೆ ಹೋಳಾಗಿ ಸಿಡಿಯುವುದು, ಒಳಗಿನ ಬೀಜ ಕವಣೆಯಿಂದ ಬಿಟ್ಟ ಕಲ್ಲಿನಂತೆ ಹಾರಿ ಗಾಣದ ಮನೆಯ ತಗಡಿಗೆ ಬಡಿಯುವುದು. ಹೊಸದಾಗಿ ಬಂದವರು ಬೆಚ್ಚಿ ತಿರುಗಿ ನೋಡುತ್ತಿದ್ದರು. ಹರಳಕ್ಕ ಮಾತ್ರ ತಲೆ ಎತ್ತುತ್ತಿರಲಿಲ್ಲ. ಕಾಯಿ ಎಷ್ಟು ಒಣಗಿದೆ, ಇನ್ನೆಷ್ಟು ಬಿಸಿಲು ಬೇಕು ಎನ್ನುವುದನ್ನು ಅವಳು ಕಿವಿಯಿಂದಲೇ ತಿಳಿಯುತ್ತಿದ್ದಳು.

ಬೀಜ ಹಿಂಡಿ ಎಣ್ಣೆ ತೆಗೆದು, ಅದನ್ನು ಹದಮಾಡಿ ಊರಿನ ಬಸ್ಸುಗಳಿಗೆ ಇಂಧನವಾಗಿ ಕೊಡುವ ಸಂಘದ ಅಂಗಳ ಅದು. ಒಂದು ಕಡೆ ಗಾಣದ ಮನೆ. ಗಾಣವೆನ್ನುವುದು ಹೆಸರಿಗೆ, ಒಳಗಿದ್ದದ್ದು ಬೆಲ್ಟಿನಿಂದ ತಿರುಗುವ ಕಬ್ಬಿಣದ ಯಂತ್ರ. ಇನ್ನೊಂದು ಕಡೆ ಎಣ್ಣೆಯ ಟ್ಯಾಂಕುಗಳು. ನಡುವೆ ಬೀಜ ಒಣಗಿಸುವ ಸಿಮೆಂಟಿನ ಕಟ್ಟೆಗಳು. ಗೇಟಿನ ಪಕ್ಕದ, ಎಲ್ಲಕ್ಕಿಂತ ಮೊದಲು ಬಿಸಿಲು ಬೀಳುವ ಕಟ್ಟೆ ಹರಳಕ್ಕನದು. ಹಾಗೆಂದು ಯಾರೂ ಬರೆದುಕೊಟ್ಟಿರಲಿಲ್ಲ. ಅವಳ ತಾಯಿ ಅಲ್ಲಿ ಮೊರ ಹಿಡಿದು ಕೂತಿದ್ದಳು, ತಾಯಿಯ ಬೆನ್ನಿಗೊರಗಿ ಇವಳು ಬೀಜ ಆರಿಸುವುದನ್ನು ಕಲಿತಿದ್ದಳು. ತಾಯಿ ಹೋದ ಮೇಲೂ ಕಟ್ಟೆಯ ಒಂದು ಮೂಲೆ, ಅವಳು ಕೂತು ಕೂತು, ನುಣುಪಾಗಿಯೇ ಉಳಿದಿತ್ತು. ಹರಳಕ್ಕ ಕೂರುತ್ತಿದ್ದುದು ಅದೇ ಮೂಲೆಯಲ್ಲಿ.

ಅವಳಿಗೆ ಹರಳಕ್ಕ ಎಂಬ ಹೆಸರು ಬಿದ್ದದ್ದು ಬಸ್ಸಿನವರಿಂದ. ಮೊದಲು ಅದು ಚೇಷ್ಟೆಯ ಮಾತಾಗಿತ್ತು. ಬರುಬರುತ್ತಾ ಗಂಡನೂ ಹಾಗೇ ಕರೆಯತೊಡಗಿದ. ಗಂಡ ಅದೇ ಸಂಘದಲ್ಲಿ ಮೆಕ್ಯಾನಿಕ್, ಗಾಣದ ಯಂತ್ರ ಅವನ ಕೈಯಲ್ಲಿ. ಮದುವೆಗೆ ಮುಂಚೆ ಅವನು ಇವಳೊಡನೆ ಆಡಿದ ಮೊದಲ ಮಾತು ಹರಳೆಣ್ಣೆಯ ಬಗ್ಗೆಯೇ. ಇಷ್ಟು ಮಂದದ ಎಣ್ಣೆ ಇನ್ನೆಲ್ಲೂ ಇಲ್ಲ, ಬೆರಳಿಗೆ ಹತ್ತಿದರೆ ಬಿಡುವುದೇ ಇಲ್ಲ ಎಂದಿದ್ದ. ಇವಳು ಅದನ್ನು ಬಹಳ ದಿನ ಪ್ರೀತಿಯ ಮಾತೆಂದೇ ಇಟ್ಟುಕೊಂಡಿದ್ದಳು.

ಆ ಅಂಗಳದಲ್ಲಿ ಆಗ ಹರಳು ಬಿಟ್ಟರೆ ಬೇರೆ ಬೀಜವೇ ಇರಲಿಲ್ಲ. ಸುತ್ತಲಿನ ಹೊಲಗಳಲ್ಲೂ ಅದೇ. ಒಂದು ವರ್ಷ ಕಂಬಳಿಹುಳು ಬಂತು. ಗಿಡಗಳ ಎಲೆಗಳೆಲ್ಲ ನರ ಮಾತ್ರ ಉಳಿಸಿಕೊಂಡು ಬಲೆಯ ಹಾಗೆ ನಿಂತವು. ಗಾಣ ನಿಂತಿತು, ಬಸ್ಸುಗಳು ಡಿಪೋದಲ್ಲಿ ಸಾಲಾಗಿ ಧೂಳು ಹಿಡಿದವು. ಸದ್ದಿಲ್ಲದ ಅಂಗಳದಲ್ಲಿ ಗುಬ್ಬಿಗಳು ಬೆಲ್ಟಿನ ಮೇಲೆ ಕೂರತೊಡಗಿದವು. ಹುಳುವನ್ನು ತಾನೇ ಕರೆತಂದವಳಂತೆ ಹರಳಕ್ಕ ತಲೆ ತಗ್ಗಿಸಿ ಓಡಾಡಿದಳು. ಮಕ್ಕಳಿಲ್ಲದ ಅವಳಿಗೆ ಆ ಬೆಳೆಯ ಮೇಲೆ ಯಾರಾದರೂ ಮಾತಾಡಿದರೆ ಮಗಳ ಮೇಲೆ ಮಾತಾಡಿದ ಹಾಗಾಗುತ್ತಿತ್ತು.

ಆ ವರ್ಷವೇ ಅವಳ ತಂಗಿ ಚಿಕ್ಕಿ ಊರಿಗೆ ವಾಪಸು ಬಂದಳು. ಚಿಕ್ಕಿ ದೂರದ ಒಂದು ಬೀಜದ ತೋಟದಲ್ಲಿ ಕೆಲಸ ಮಾಡಿ, ಎಣ್ಣೆಬೀಜಗಳ ತರಬೇತಿ ಪಡೆದು ಬಂದಿದ್ದಳು. ಸಂಘದ ಸಭೆಯಲ್ಲಿ ಎದ್ದು ನಿಂತು ಅವಳು ಹೇಳಿದ್ದು ಇಷ್ಟೇ: "ಒಂದೇ ಬೆಳೆ ನಂಬ್ಕೊಂಡು ಕೂರೋದು ಅಂದ್ರೆ ಒಂಟಿ ಕಾಲಲ್ಲಿ ನಿಂತ ಹಾಗೆ. ಜೋಮು ಹಿಡಿದ್ರೆ ಬಿದ್ವಿ."

ಜನ ನಕ್ಕರು. ನಕ್ಕ ಜನ ಒಪ್ಪಿಯೂ ಒಪ್ಪಿದರು. ಚಳಿಗೆ ಅಗಸೆ, ಹೊಲದ ಅಂಚಿಗೆ ದನ ನುಗ್ಗದಂತೆ ಮುಳ್ಳಿನ ಕುಸುಬೆ, ಹರಳು ತೆಗೆದ ನೆಲಕ್ಕೆ ಸೂರ್ಯಕಾಂತಿ. ಒಂದಕ್ಕೆ ಹುಳು ಬಿದ್ದರೆ ಇನ್ನೊಂದು ಕೈ ಹಿಡಿಯುತ್ತದೆ, ನೆಲಕ್ಕೂ ಉಸಿರಾಡಲು ಬಿಡುವು, ಗಾಣವೂ ವರ್ಷವಿಡೀ ತಿರುಗುತ್ತದೆ ಎಂದು ಚಿಕ್ಕಿ ಬಿಡಿಸಿ ಬಿಡಿಸಿ ಹೇಳಿದಳು. ಹೊಸ ಬೀಜಗಳ ಹೊಣೆಯನ್ನು ಮ್ಯಾನೇಜರ್ ಅಲ್ಲೇ ಅವಳಿಗೆ ಒಪ್ಪಿಸಿದರು. ಹೆಚ್ಚುಕಮ್ಮಿ ಅದೇ ಮಾತನ್ನು ಹಿಂದಿನ ವಾರ ಹರಳಕ್ಕ ಗಂಡನಿಗೆ ಹೇಳಿದ್ದಳು, ಹರಳಿನ ಜೊತೆ ಇನ್ನೇನಾದರೂ ಹಾಕಬೇಕಿತ್ತು ಎಂದು. ಅವನು ಹೂಂ ಎಂದು ಮಗ್ಗುಲಾಗಿದ್ದ. ಸಭೆಯಲ್ಲಿ ಮೊದಲು ಚಪ್ಪಾಳೆ ತಟ್ಟಿದವನು ಅವನೇ.

ಇದು ಹೊಸದೇನಲ್ಲ. ಚಿಕ್ಕಿ ಹುಟ್ಟಿದಾಗ ಹರಳಕ್ಕ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಮಲಗುತ್ತಿದ್ದಳು. ಮಗುವಿಗೆ ಗಾಳಿ ಬೇಕು ಎಂದು ಅವಳ ಹಾಸಿಗೆಯನ್ನು ಗೋಡೆಯ ಕಡೆಗೆ ಎಳೆದರು. ಮಗು ಬೆಳೆದು ದೊಡ್ಡದಾದರೂ ಆ ಹಾಸಿಗೆ ವಾಪಸು ಕಿಟಕಿಗೆ ಬರಲಿಲ್ಲ. ಯಾರೂ ಬೇಕೆಂದು ಮಾಡಿದ್ದಲ್ಲ, ಯಾರಿಗೂ ನೆನಪಾಗಲಿಲ್ಲ, ಅಷ್ಟೆ. ಆದರೆ ಗೋಡೆಯ ಕಡೆ ಮುಖ ಮಾಡಿ ಮಲಗಿದವಳಿಗೆ, ಬೆನ್ನ ಹಿಂದೆ ತಂಗಿ ಕಿಟಕಿಯಾಚೆ ನೋಡಿ ಒಬ್ಬಳೇ ನಗುವುದು ದಿನವೂ ಕೇಳಿಸುತ್ತಿತ್ತು. ಏನು ಕಂಡು ನಗುತ್ತಾಳೋ ಎಂದು ಎದ್ದು ನೋಡುವಷ್ಟರಲ್ಲಿ ಅಲ್ಲಿ ಏನೂ ಇರುತ್ತಿರಲಿಲ್ಲ.

ಚಿಕ್ಕಿ ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಿತ್ತು. ಅವಳು ಕೆಟ್ಟವಳಲ್ಲ. ಬಂದ ಮೊದಲ ದಿನವೇ ಅಕ್ಕನ ಕೈ ಹಿಡಿದು, ಅಂಗೈಯ ಬಿರುಕುಗಳನ್ನು ನೋಡಿ ಕಣ್ಣು ತುಂಬಿಕೊಂಡಳು. ಅದನ್ನು ನೋಡಿದ ಮ್ಯಾನೇಜರ್ ಅಂಗಳಕ್ಕೆಲ್ಲ ಹೇಳಿದರು, ಎಂಥ ಮನಸ್ಸು ನೋಡಿ ಆ ಹುಡುಗಿಯದು ಎಂದು. ಬಿರುಕು ಯಾರ ಕೈಯಲ್ಲಿತ್ತು ಎನ್ನುವುದು ಆ ಕತೆಯಲ್ಲಿ ಬರಲೇ ಇಲ್ಲ.

ಸೂರ್ಯಕಾಂತಿ ಗಾಣಕ್ಕೆ ಬಂದ ಮೇಲೆ ಹರಳಕ್ಕನ ಒಳಗಿನ ಉರಿ ಇನ್ನಷ್ಟಾಯಿತು. ಹರಳು ಹಿಂಡುವಾಗ ಯಂತ್ರ ಮುಲುಗುತ್ತಿತ್ತು, ಗಂಡ ಬೆವರುತ್ತಿದ್ದ. ಸೂರ್ಯಕಾಂತಿಗೆ ಅದು ಹಗುರಾಗಿ ತಿರುಗಿತು. ಅವನು ಕೆಲಸ ಮಾಡುತ್ತಾ ಸಿಳ್ಳೆ ಹಾಕತೊಡಗಿದ. ಮದುವೆಯಾಗಿ ಇಷ್ಟು ಕಾಲದಲ್ಲಿ ಅವನಿಗೆ ಸಿಳ್ಳೆ ಬರುತ್ತದೆ ಎನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅವನು ಆ ಎಣ್ಣೆಯ ತಿಳಿಯನ್ನು, ಅದರ ಬಣ್ಣವನ್ನು ವರ್ಣಿಸುತ್ತಿದ್ದ. ಅವಳು ತಟ್ಟೆ ನೋಡುತ್ತಾ ತುತ್ತು ನುಂಗುತ್ತಿದ್ದಳು.

ಬಸ್ಸಿನ ಹೊಗೆಯೂ ಬದಲಾಯಿತು. ಹರಳೆಣ್ಣೆಯ ದಿನಗಳಲ್ಲಿ ಬಸ್ಸಿನ ಹಿಂದೆ ಬರುವವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಈಗ ಹೊಗೆಗೆ ಏನನ್ನೋ ಕರಿದ ವಾಸನೆ ಬರುತ್ತದೆ, ಜನ ಬಸ್ಸಿಳಿದವರೇ ಹೋಟೆಲಿಗೆ ನುಗ್ಗುತ್ತಾರೆ ಎಂದು ಎಣ್ಣೆ ತುಂಬಿಸಲು ಬಂದ ಬಸ್ಸಿನ ಡ್ರೈವರ್ ನಗುತ್ತಾ ಹೇಳಿದ. ಹರಳಕ್ಕನಿಗೆ ಆ ಹೊಗೆಯ ಮೇಲೂ ಹೊಟ್ಟೆಕಿಚ್ಚಾಯಿತು. ಅವಳ ಮುಖ ನೋಡಿದ ಡ್ರೈವರನ ಬಾಯಿ ಸುಮ್ಮನಿರಲಿಲ್ಲ.

"ಹೊಟ್ಟೆಕಿಚ್ಚಲ್ಲಿ ಬಸ್ ಓಡೋ ಹಾಗಿದ್ದಿದ್ರೆ ಯಾವ ಬೀಜಾನೂ ಬೇಕಿರ್ಲಿಲ್ಲ, ಅಲ್ವೇನಕ್ಕ? ನಿನ್ನನ್ನ ಟ್ಯಾಂಕ್ ಪಕ್ಕ ಕೂರಿಸಿದ್ರೆ ಸಾಕಿತ್ತು."

ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗದಿದ್ದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗಾಗುತ್ತಿತ್ತು.

ಸೂರ್ಯಕಾಂತಿಯ ಬೀಜ ಒಣಗಿಸಲು ಚಿಕ್ಕಿಗೆ ಸಿಕ್ಕಿದ್ದು ಹರಳಕ್ಕನದರ ಪಕ್ಕದ ಕಟ್ಟೆ. ಅಲ್ಲಿಂದ ಒಂದು ತೊಡಕು ಶುರುವಾಯಿತು. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ಹರಳಿನದಾದರೆ ಹೊಲಕ್ಕೆ ಒಳ್ಳೆಯ ಗೊಬ್ಬರ, ದನಕ್ಕೆ ಮಾತ್ರ ವಿಷ. ಒಂದು ಹಿಡಿ ಹರಳು ಬಿದ್ದ ಹಿಂಡಿ ತಿಂದರೂ ಹಸು ಕಾಲು ಚಾಚಿಬಿಡುತ್ತದೆ. ಸೂರ್ಯಕಾಂತಿಯ ಹಿಂಡಿ ಹಾಗಲ್ಲ, ದನಗಳು ನಾಲಿಗೆ ಚಾಚಿ ತಿನ್ನುತ್ತವೆ. ಇಲ್ಲಿಯವರೆಗಿನ ಹಿಂಡಿ ಹೊಲಕ್ಕೇ ಹೋಗಿತ್ತು, ಇನ್ನು ಮುಂದೆ ಅದನ್ನು ಹಾಲಿನ ಡೇರಿಗೆ ಕೊಡುವುದೆಂದು ಚಿಕ್ಕಿ ಮಾತಾಡಿ ಬಂದಿದ್ದಳು. ಸಂಘದಲ್ಲಿ ಇದ್ದದ್ದು ಸಿಡಿಯುವ ಹಳೆಯ ಜಾತಿಯ ಹರಳು. ಸಿಡಿಯದ ಹೊಸ ಜಾತಿ ಬಂದಿದ್ದರೂ, ಎಣ್ಣೆ ಹೆಚ್ಚು ಇದರಲ್ಲೇ ಎಂದು ಹರಳಕ್ಕ ಬಿಟ್ಟುಕೊಟ್ಟಿರಲಿಲ್ಲ. ಸಿಡಿದ ಬೀಜ ಪಕ್ಕದ ಕಟ್ಟೆಗೆ ಹಾರದಿರಲೆಂದು ಅವಳೇ ಒಂದು ಹೊದಿಕೆ ಹೊಲಿದಳು. ಬಸ್ಸಿನ ಹಳೇ ಸೀಟುಗಳ ಬಟ್ಟೆ ಬಿಚ್ಚಿ, ನೀಲಿಗೆ ಕಂದು, ಕಂದಿಗೆ ನೀಲಿ ಸೇರಿಸಿ, ಗಾಳಿಗೆ ಏಳದಂತೆ ಅಂಚಿನುದ್ದಕ್ಕೂ ಮರಳು ತುಂಬಿ ಹೊಲಿದದ್ದು. ಬಿಸಿಲು ಗೋಡೆ ದಾಟುವ ಮೊದಲು ಅದನ್ನು ಹರಳಿನ ಮೇಲೆ ಎಳೆಯಬೇಕು. ಒಳಗೆ ಕಾಯಿ ಸಿಡಿದರೂ ಬೀಜ ಬಟ್ಟೆಗೆ ಬಡಿದು ಅಲ್ಲೇ ಬೀಳುತ್ತದೆ. ಒಂದು ದಿನವೂ ಅವಳು ಅದನ್ನು ತಪ್ಪಿಸಿರಲಿಲ್ಲ.

ಆದರೂ ಚಿಕ್ಕಿ ಮ್ಯಾನೇಜರಿಗೆ ಹೇಳಿದಳು, ಇವೆರಡೂ ಅಕ್ಕಪಕ್ಕ ಇರಬಾರದು, ಹರಳನ್ನು ಗಾಣದ ಮನೆಯ ಹಿಂದೆ ಗೊಬ್ಬರದ ಗುಂಡಿಯ ಬಳಿ ಹಾಕಿದರೆ ಒಳ್ಳೆಯದು ಎಂದು. ಮಾತು ಸರಿಯೇ. ತಪ್ಪು ಹುಡುಕಲು ಹರಳಕ್ಕ ಎರಡು ರಾತ್ರಿ ಪ್ರಯತ್ನಿಸಿದಳು, ಸಿಗಲಿಲ್ಲ. ಮೊದಲ ಹಿಂಡಿ ಡೇರಿಗೆ ಹೋಗಲಿ, ಆಮೇಲೆ ತೀರ್ಮಾನ ಎಂದರು ಮ್ಯಾನೇಜರ್. ಗೇಟಿನ ಪಕ್ಕದ ಕಟ್ಟೆ, ತಾಯಿ ಕೂತ ಮೂಲೆ, ಮೊದಲ ಬಿಸಿಲು, ಎಲ್ಲವೂ ಆ ಒಂದು ಮಾತಿಗೆ ನೇತುಬಿದ್ದವು. ಮತ್ತೆ ಯಾರೋ ತನ್ನ ಹಾಸಿಗೆಯನ್ನು ಗೋಡೆಯ ಕಡೆಗೆ ಎಳೆಯುತ್ತಿದ್ದಾರೆ ಎಂದು ಅವಳಿಗೆ ಅನ್ನಿಸಿತು.

ಡೇರಿಯ ಪಾಲಿನ ಬೀಜ ಗಾಣಕ್ಕೆ ಹಾಕುವ ಹಿಂದಿನ ದಿನ ಬೆಳಿಗ್ಗೆ ಚಿಕ್ಕಿ ಸೈಕಲ್ ಹತ್ತಿ ಡೇರಿಗೆ ಹೊರಟಳು. ಹೋಗುವ ಮುನ್ನ ಅಕ್ಕನ ಹತ್ತಿರ ಬಂದು ತನ್ನ ರಾಶಿಯನ್ನೂ ಸ್ವಲ್ಪ ನೋಡಿಕೋ ಎಂದಳು. ಹರಳಕ್ಕ ಆಗಲಿ ಎಂದಳು. ಆಗ ಹೊದಿಕೆ ಅವಳ ತೊಡೆಯ ಮೇಲೇ ಇತ್ತು. ಹರಿದ ಒಂದು ಅಂಚಿಗೆ ಹೊಲಿಗೆ ಹಾಕುತ್ತಿದ್ದಳು. ಹೊಲಿಗೆ ಮುಗಿಯಿತು. ದಾರ ಹಲ್ಲಿನಿಂದ ಕಡಿದಳು. ಬಿಸಿಲು ಗೋಡೆಯ ಮೇಲೆ ಬಂದು ನಿಂತಿತು. ಅವಳು ಏಳಲಿಲ್ಲ.

ಮೊದಲ ಕಾಯಿ ಸಿಡಿದಾಗ, ಅಯ್ಯೋ, ಮರೆತೆನಲ್ಲ ಎಂದುಕೊಂಡಳು. ಮರೆತಿರಲಿಲ್ಲ. ಎರಡನೆಯದು ಸಿಡಿದಾಗ, ಈ ಗಂಟೊಂದು ಬಿಗಿಯಾಗಲಿ ಎಂದುಕೊಂಡಳು. ಆಮೇಲೆ ಏನನ್ನೂ ಅಂದುಕೊಳ್ಳಲಿಲ್ಲ. ಕಾಯಿಗಳು ಬಿಡುವಿಲ್ಲದೆ ಬಾಯಿ ಬಿಟ್ಟವು. ಚುಕ್ಕೆಚುಕ್ಕೆಯ ಕಂದು ಬೀಜಗಳು ಮಿಂಚುತ್ತಾ ಹಾರಿ ಪಕ್ಕದ ಕಟ್ಟೆಯ ಮೇಲೆ ಬಿದ್ದು, ಸೂರ್ಯಕಾಂತಿಯ ಕಪ್ಪು ಗೀರಿನ ಬೀಜಗಳ ನಡುವೆ ಕಾಣದಾದವು. ಕುಸುಬೆಯಾಗಿದ್ದರೆ ಬಿಳಿಯ ಮೇಲೆ ಎದ್ದು ಕಾಣುತ್ತಿದ್ದವು. ಇಲ್ಲಿ ನೀರಿಗೆ ಬಿದ್ದ ಕಲ್ಲಿನಂತೆ ಮುಳುಗಿದವು. ಒಂದೊಂದು ಸದ್ದಿಗೂ ಅವಳ ಎದೆಯಲ್ಲಿ ಏನೋ ಸಡಿಲವಾಗುತ್ತಿತ್ತು. ಸಭೆಯ ಚಪ್ಪಾಳೆಗೆ ಒಂದು. ಸಿಳ್ಳೆಗೆ ಒಂದು. ಕಿಟಕಿಗೆ ಒಂದು.

ಹಸುಗಳ ನೆನಪು ಅವಳಿಗೆ ಆಗ ಬರಲಿಲ್ಲ. ಮನಸ್ಸಿನಲ್ಲಿದ್ದ ಚಿತ್ರ ಬೇರೆ. ಸಂಜೆ ಚಿಕ್ಕಿ ಬೀಜ ಆರಿಸುತ್ತಾಳೆ, ಹರಳು ಕಾಣುತ್ತದೆ, ಮೂಟೆಗಟ್ಟಲೆ ಬೀಜವನ್ನು ಮತ್ತೆ ಮತ್ತೆ ಆರಿಸಿ ಸೊಂಟ ಹಿಡಿದುಕೊಳ್ಳುತ್ತಾಳೆ. ಗಾಣಕ್ಕೆ ತಡವಾಗುತ್ತದೆ. ಮ್ಯಾನೇಜರ್ ಎಲ್ಲರೆದುರು ಎರಡು ಮಾತು ಹೇಳುತ್ತಾರೆ. ಅಷ್ಟು ಸಾಕಿತ್ತು. ಜೀವನದಲ್ಲಿ ಒಂದೇ ಒಂದು ಸಲ ಚಿಕ್ಕಿ ತಲೆ ತಗ್ಗಿಸುವುದನ್ನು ನೋಡಬೇಕಿತ್ತು. ಮಧ್ಯಾಹ್ನ ಅವಳು ಹೊದಿಕೆ ಎಳೆದು, ನಾಲ್ಕೂ ಅಂಚು ಸರಿಮಾಡಿ, ದಿನವೂ ಮಾಡುವಂತೆ ಕೈ ಕೊಡವಿ ಮನೆಗೆ ಊಟಕ್ಕೆ ಹೋದಳು.

ಆದರೆ ಸಂಜೆ ಚಿಕ್ಕಿ ಬೀಜ ಆರಿಸಲೇ ಇಲ್ಲ. ಡೇರಿಯಿಂದ ತಡವಾಗಿ ಬಂದವಳು ನೇರವಾಗಿ ರಾಶಿಯನ್ನು ಮೂಟೆಗೆ ತುಂಬಿಸಿ ಗಾಣದ ಮನೆಗೆ ಸೇರಿಸಿಬಿಟ್ಟಳು. ಅದು ಹರಳಕ್ಕನಿಗೆ ತಿಳಿದದ್ದು ಮರುದಿನ ಬೆಳಿಗ್ಗೆ, ಗಾಣದ ಸದ್ದು ಕೇಳಿ ಅಂಗಳಕ್ಕೆ ಬಂದಾಗ.

ಅಷ್ಟು ಹೊತ್ತಿಗೆ ಅಂಗಳದಲ್ಲಿ ಜನ ಸೇರಿತ್ತು. ಡೇರಿಯವನು ತನ್ನ ಸಣ್ಣ ಲಾರಿಯನ್ನು ಗೇಟಿಗೆ ಹಿಮ್ಮುಖವಾಗಿ ನಿಲ್ಲಿಸಿ, ಬಾಗಿಲು ತೆರೆದು ಕಾಯುತ್ತಿದ್ದ. ಮ್ಯಾನೇಜರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಗಾಣದ ಮನೆಯೊಳಗಿಂದ ಗಂಡನ ಸಿಳ್ಳೆ ಕೇಳುತ್ತಿತ್ತು. ಚಿಕ್ಕಿ ಓಡಿ ಬಂದು ಅಕ್ಕನ ತೋಳು ಹಿಡಿದಳು.

ಗಾಣಕ್ಕೆ ಹಾಕುವ ಮುಂಚೆ ಬೀಜ ಆರಿಸುವುದು ಬೇಡವೇ ಎಂದು ಮ್ಯಾನೇಜರ್ ಅವಳನ್ನು ಕೇಳಿದ್ದರಂತೆ. "ನಾನೇ ಬೇಡ ಅಂದೆ," ಎಂದಳು ಚಿಕ್ಕಿ. "ಅಕ್ಕ ಕಾವಲು ಕೂತಿದ್ಲು, ಅವಳ ಹೊದಿಕೆ ದಾಟಿ ಒಂದು ಹರಳೂ ಬರಲ್ಲ ಅಂದೆ."

ಹರಳಕ್ಕ ಲಾರಿಯ ಕಡೆ ನೋಡಿದಳು. ಡೇರಿಯವನು ಲಾರಿಗೊರಗಿ, ಮೊದಲ ಹಿಂಡಿ ಬಿಸಿಬಿಸಿಯಾಗಿಯೇ ಬಿಳಿ ಕಾಲಿನ ಹಸುವಿಗೆ ಹಾಕುತ್ತೇನೆ, ಕರು ಹಾಕಿ ಸೊರಗಿದೆ ಎನ್ನುತ್ತಿದ್ದ. ಆ ಹಸು ಅವಳಿಗೆ ಗೊತ್ತು. ಡೇರಿಯ ಬೇಲಿಯಾಚೆ ನಿಂತು, ದಾರಿಯಲ್ಲಿ ಹೋಗುವವರ ಚೀಲಕ್ಕೆಲ್ಲ ಮೂತಿ ಹಾಕುವ ಹಸು. ಒಮ್ಮೆ ಅವಳ ಚೀಲದ ಹಿಡಿಯನ್ನೇ ಅಗಿದಿತ್ತು.

ಮ್ಯಾನೇಜರ್ ಹತ್ತಿರ ಬಂದರು. ಕಟ್ಟೆಯ ವಿಷಯ ತೀರ್ಮಾನವಾಯಿತು, ನಿಮ್ಮ ಜಾಗ ನಿಮಗೇ ಇರಲಿ, ಗುಂಡಿಯ ಕಡೆಗೆ ಸೂರ್ಯಕಾಂತಿಯೇ ಹೋಗುತ್ತದೆ ಎಂದರು. ಹಾಗೆಂದು ಹಟ ಹಿಡಿದವಳು ಚಿಕ್ಕಿಯಂತೆ. ಅಮ್ಮ ಕೂತ ಜಾಗ ಅದು, ಅಕ್ಕನನ್ನು ಅಲ್ಲಿಂದ ಏಳಿಸಬಾರದು ಎಂದಳಂತೆ. "ಪುಣ್ಯ ಮಾಡಿದ್ರಿ ಬಿಡಿ, ಇಂಥ ತಂಗಿ ಸಿಗೋಕೆ," ಎಂದರು.

ತನ್ನದೇ ಕಟ್ಟೆ. ಅದನ್ನೂ ಈಗ ಚಿಕ್ಕಿಯೇ ಕೊಟ್ಟ ಹಾಗಾಯಿತು. ಹರಳಕ್ಕನಿಗೆ ಸಂತೋಷವಾಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಇನ್ನಷ್ಟು ಉರಿಯಿತು. ಈಗ ಬಾಯಿ ಬಿಟ್ಟು ಹೇಳಿದರೆ ಏನಾಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಜನ ಇವಳನ್ನು ಉಗಿಯುತ್ತಾರೆ, ಗಂಡ ಸಿಳ್ಳೆ ನಿಲ್ಲಿಸುತ್ತಾನೆ. ಚಿಕ್ಕಿ ಅಳುತ್ತಾಳೆ. ಆಮೇಲೆ ಕ್ಷಮಿಸಿಬಿಡುತ್ತಾಳೆ. ಎಂಥ ಮನಸ್ಸು ನೋಡಿ ಎಂದು ಅಂಗಳವೆಲ್ಲ ಮತ್ತೆ ಹೇಳುತ್ತದೆ. ಇವಳ ತಪ್ಪೂ ಕೊನೆಗೆ ಅವಳ ಒಳ್ಳೆಯತನದ ಲೆಕ್ಕಕ್ಕೇ ಹೋಗಿ ಬೀಳುತ್ತದೆ. ಹೇಳದಿದ್ದರೆ ಎಲ್ಲರೂ ಚಿಕ್ಕಿಯನ್ನೇ ಕೇಳುತ್ತಾರೆ, ಆರಿಸದೆ ಯಾಕೆ ಹಾಕಿದೆ ಎಂದು. ಆಗಲೂ ಅವಳು ಅಕ್ಕನ ಹೆಸರು ಹೇಳುವುದಿಲ್ಲ. ಅದೂ ಖಂಡಿತ.

ಗಾಣದ ಸದ್ದು ಅವಳ ಕಿವಿಯಲ್ಲಿತ್ತು. ಸೂರ್ಯಕಾಂತಿಯ ಸಿಪ್ಪೆ ಪುಡಿಯಾಗುವಾಗ ಅದು ಒಣ ಎಲೆಯ ಮೇಲೆ ನಡೆದ ಹಾಗೆ ಗರಗರ ಎನ್ನುತ್ತದೆ. ಆ ಗರಗರದ ನಡುವೆ ಆಗೊಂದು ಈಗೊಂದು ಮಂದವಾದ, ಒದ್ದೆಯಾದ ಸದ್ದು. ಬೇರೆ ಯಾರಿಗೂ ಅದು ಕೇಳಿಸುತ್ತಿರಲಿಲ್ಲ. ಬಾಗಿಲಿನ ಬಳಿ ಹಿಂಡಿಯ ಮೊದಲ ಬಿಲ್ಲೆಗಳು ತಟ್ಟೆಗೆ ಜಾರುತ್ತಿದ್ದವು, ಹಬೆಯಾಡುತ್ತಿದ್ದವು. ಡೇರಿಯವನು ಖಾಲಿ ಚೀಲ ಬಿಡಿಸಿಕೊಂಡು ಆ ಕಡೆ ಹೆಜ್ಜೆ ಹಾಕಿದ.

ಚಿಕ್ಕಿ ಇನ್ನೂ ತೋಳು ಬಿಟ್ಟಿರಲಿಲ್ಲ. "ಅಕ್ಕ, ನಂಗೊಂದು ಆಸೆ ಇದೆ, ಇಲ್ಲ ಅನ್ಬಾರ್ದು," ಎಂದಳು. ಚಿಕ್ಕವಳಿದ್ದಾಗ ಏನಾದರೂ ಬೇಕಾದರೆ ಹೀಗೇ ಶುರು ಮಾಡುತ್ತಿದ್ದಳು. "ನಿನ್ನ ಹರಳಿಗೆ ಹೊಲಿದಿದ್ದೀಯಲ್ಲ, ಅಂಥದೇ ಹೊದಿಕೆ ನಂಗೂ ಒಂದು ಬೇಕು. ನಾನು ಎಷ್ಟು ಸಲ ಹೊಲಿದ್ರೂ ಅಂಚು ನಿಲ್ಲಲ್ಲ. ಮರಳು ಸೋರಿ ಹೋಗುತ್ತೆ. ನೀನು ಅದು ಹೇಗೆ—"

ಹರಳಕ್ಕ ತಂಗಿಯ ಮುಖವನ್ನು ನೋಡಿದಳು. ಆ ಮುಖದಲ್ಲಿ ಬೇಡುವ ಮಗುವಿನ ಹಟವಿತ್ತು, ಜೊತೆಗೆ ಹರಳಕ್ಕ ಎಂದೂ ಕಂಡಿರದ ಇನ್ನೇನೋ ಇತ್ತು. ಸಣ್ಣದೊಂದು ಅಸೂಯೆ. ಹೊದಿಕೆಯ ಅಂಚಿನ ಮೇಲಿನ ಅಸೂಯೆ. ಅದನ್ನು ನಿಂತು ಸವಿಯಲು ಇದು ಹೊತ್ತಲ್ಲ ಎನ್ನುವುದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಸಂಕಟವಾಯಿತು.

"—ಹೇಗೆ ಮಡಚ್ತೀಯ ಹೇಳ್ಕೊಡು. ಒಳಗಿಂದ ಹೊಲೀತೀಯೋ, ಇಲ್ಲ ಮೇಲಿಂದ—"

ಹರಳಕ್ಕ ತಂಗಿಯ ಬೆರಳುಗಳನ್ನು ತೋಳಿನಿಂದ ಬಿಡಿಸಿ, ಡೇರಿಯವನನ್ನು ದಾಟಿಕೊಂಡು, ಬೆಲ್ಟು ನಿಲ್ಲಿಸಲು ಗಾಣದ ಮನೆಯ ಕಡೆಗೆ ನಡೆದಳು.